ಎರಡನೆಯ ಅರ್ಧದ ಡಬ್ಬಿಗಳು

ಬೀದರ
12 ಜೂನ್ 2024

ಮಕ್ಬೂಲ ಕಾಕಾ ಅವರಿಗೆ ಆಮ್ರಪಾಲಿಯ ಜೈ ಭೀಮ್.

ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನಾನು ಒಂದನೆಯ ತರಗತಿಯಲ್ಲಿದ್ದೆ. ನಾನು ಉತ್ತಮ ಅವರ ಮಗಳು. ಬೀದರ ಮತ್ತು ಭಾಲ್ಕಿಯ ಟಾಕೀಸುಗಳ ನಡುವೆ ಮೋಟರ್ ಸೈಕಲ್ ಮೇಲೆ ರೀಲಿನ ಡಬ್ಬಿ ಸಾಗಿಸುತ್ತಿದ್ದ ಉತ್ತಮ. ಹೋದ ವಾರ ನಿಮಗೆ ಫೋನ್ ಮಾಡಿದ್ದೆ. ಖತೀಜಾ ಚಾಚಿ ಎತ್ತಿಕೊಂಡರು. "ಅವ್ರಿಗಿ ಕಿವಿ ಕೇಳ್ಸಂಗಿಲ್ಲ ಬೇಟಿ. ಮಷಿನ್ ತಂದ್ಕೊಟ್ರ ಕಪಾಟಿನ್ಯಾಗ ಇಟ್ಟಾರ. ನಾ ಕರ್ದ್ರಂತೂ ಬಿಲ್ಕುಲ್ ಕೇಳ್ಸಂಗಿಲ್ಲ. ನೀ ಚಿಠ್ಠಿ ಬರಿ, ಪೇಪರ್ ಓದಿದಂಗ ಓದ್ತಾರ" ಎಂದರು. ಅದಕ್ಕೇ ಈ ಪತ್ರ.

ನಾನೊಂದು ಭಯದ ಸಿನಿಮಾ ಮಾಡುತ್ತಿದ್ದೇನೆ. ಐವತ್ತು ನಿಮಿಷದ್ದು. ಮದುವೆ ವಿಡಿಯೋ ತೆಗೆಯುವ ಓಂಪ್ರಕಾಶ ಎಂಬವರ ಸ್ಟುಡಿಯೋದಲ್ಲಿ ನಾನು ಎಡಿಟಿಂಗ್ ಮಾಡುತ್ತೇನೆ, ಕ್ಯಾಮೆರಾ ಅವರದೇ. ಕಥೆ ನಿಮಗೆ ಗೊತ್ತಿರುವುದೇ. ಭಾಲ್ಕಿಯ ಟಾಕೀಸಿನಲ್ಲಿ ಇಂಟರ್ವಲ್ ಆಗಿದೆ. ಎರಡನೆಯ ಅರ್ಧದ ರೀಲು ಬೀದರಿನಿಂದ ಬರಬೇಕು. ತರುವವನು ದಾರಿಯಲ್ಲಿ ಬಿದ್ದು ಸತ್ತಿದ್ದಾನೆ. ಆದರೂ ಅವನು ಡಬ್ಬಿ ಹೊತ್ತು ಪ್ರೊಜೆಕ್ಟರ್ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬರುತ್ತಾನೆ.

ತೆಗೆದಷ್ಟನ್ನು ಹತ್ತು ಜನರಿಗೆ ತೋರಿಸಿದೆ. ಸಿನಿಮಾದೊಳಗಿನ ಅಪ್ಪ ಮೆಟ್ಟಿಲು ಹತ್ತುವಾಗ ನಾಲ್ವರು ನಕ್ಕರು. ಒಬ್ಬ ಸಿಳ್ಳೆ ಹೊಡೆದ.

ಅವ್ವನಿಗೆ ಈ ಕೆಲಸವೇ ಇಷ್ಟವಿಲ್ಲ. "ಬಾಬಾಸಾಹೇಬರ ಫೋಟೊ ಕೆಳಗ ಕುಂತು ದೆವ್ವಿನ ಕಥಿ ಬರೀಲತ್ತಿ, ನಾಚಿಗಿ ಬರಂಗಿಲ್ಲೇನ?" ಅನ್ನುತ್ತಾಳೆ. ನಾನೂ ದೆವ್ವ ನಂಬುವವಳಲ್ಲ. ಆದರೆ ಅಪ್ಪನ ಬಗ್ಗೆ ನನಗೆ ಗೊತ್ತಿರುವುದು ಅವನು ಸತ್ತದ್ದೊಂದೇ. ಬೇರೆ ಕಥೆ ನನ್ನಲ್ಲಿ ಇಲ್ಲ.

ಎರಡು ಮಾತು ಕೇಳಬೇಕಿತ್ತು. ನೀವು ಅಷ್ಟು ವರ್ಷ ಕ್ಯಾಬಿನ್ನಿನಿಂದ ಜನರನ್ನು ನೋಡಿದವರು. ಜನ ನಿಜವಾಗಿ ಹೆದರುವುದು ಯಾವುದಕ್ಕೆ? ಮತ್ತೆ, 2003ರ ಡಿಸೆಂಬರ್ 14ರ ಸಂಜೆ ಕ್ಯಾಬಿನ್ನಿನಲ್ಲಿ ಏನಾಯಿತು? ಟಾಕೀಸನ್ನು ದೀಪಾವಳಿ ಆದ ಮೇಲೆ ಕೆಡವಿ ಗೋದಾಮು ಕಟ್ಟುತ್ತಾರಂತೆ. ಅಷ್ಟರೊಳಗೆ ಅಲ್ಲಿನ ದೃಶ್ಯಗಳನ್ನು ತೆಗೆದು ಮುಗಿಸಬೇಕು.

ನಿಮ್ಮ
ಆಮ್ರಪಾಲಿ


ಔರಾದ
3 ಜುಲೈ 2024

ಬೇಟಿ ಆಮ್ರಪಾಲಿಗೆ ಮಕ್ಬೂಲನ ಸಲಾಮ್.

ನಿನ್ನ ಪತ್ರ ಬಂದು ಎರಡು ವಾರವಾಯಿತು. ದಿನಕ್ಕೊಂದು ಸಲ ಓದಿ ಮಡಿಚಿಡುತ್ತಿದ್ದೆ. ನಿನ್ನ ಚಾಚಿ ನೋಡಿ, "ಲೈಟ್ ಬಿಲ್ಲೂ ಇಷ್ಟ್ ಸರ್ತಿ ಓದಿಲ್ಲ ನೀವು" ಎಂದಳು.

ನಾನು ಭಾಲ್ಕಿಯಲ್ಲಿ 1979ರಿಂದ 2004ರ ಮಾರ್ಚ್‌ವರೆಗೆ ಆಪರೇಟರ್ ಆಗಿದ್ದೆ. ಆಮೇಲೆ ಔರಾದಕ್ಕೆ ಬಂದು ಪಂಪಿನ ಮೋಟರ್ ವೈಂಡಿಂಗ್ ಮಾಡಿಕೊಂಡಿದ್ದೇನೆ. ಈಗ ವಯಸ್ಸು ಅರವತ್ತೇಳು. ನಿನ್ನ ಮೊದಲ ಪ್ರಶ್ನೆಗೆ ತಿಳಿದಷ್ಟು ಬರೆಯುತ್ತೇನೆ.

ಕ್ಯಾಬಿನ್ನಿನ ಗೋಡೆಯಲ್ಲಿ ಒಂದು ಗೇಣು ಅಗಲದ ಗಾಜಿನ ಕಿಂಡಿ ಇತ್ತು. ಪರದೆ ಸರಿಯಾಗಿದೆಯೇ ಎಂದು ನೋಡಲಿಕ್ಕೆ ಅದು. ಒಂದೇ ಸಿನಿಮಾವನ್ನು ನಲವತ್ತು ಸಲ ಓಡಿಸುವವನು ಪರದೆಯನ್ನು ಎಷ್ಟು ನೋಡಿಯಾನು? ನಾನು ಜನರ ತಲೆಗಳನ್ನು ನೋಡುತ್ತಿದ್ದೆ. ಹಠಾತ್ತನೆ ಸದ್ದು ಮಾಡಿದರೆ ಜನ ಕೂಗುತ್ತಾರೆ. ಮರುಕ್ಷಣ ನಗುತ್ತಾರೆ, ಪಕ್ಕದವನ ತೊಡೆಗೆ ಹೊಡೆಯುತ್ತಾರೆ. ಅದು ಹೆದರಿಕೆಯಲ್ಲ. ಬಸ್ಸಿನ ಹಾರ್ನಿಗೂ ಮೈ ಬೆಚ್ಚುತ್ತದೆ. ಮನೆಗೆ ಹೋಗಿ ಯಾರೂ ಹಾರ್ನಿನ ಬಗ್ಗೆ ಯೋಚಿಸುವುದಿಲ್ಲ.

ನಿಜವಾಗಿ ಹೆದರಿದರೆ ಶೇಂಗಾ ಒಡೆಯುವ ಸದ್ದು ನಿಲ್ಲುತ್ತದೆ. ಆಗ ನನಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ನಾನೂರು ಜನ ಶೇಂಗಾ ತಿನ್ನುವ ಸದ್ದು ಮಳೆ ಬಿದ್ದಂತೆ ಇರುತ್ತದೆ. ದೆವ್ವ ಬಾಯಿ ತೆರೆದಾಗ ಅದು ನಿಂತದ್ದನ್ನು ನಾನು ಕಂಡಿಲ್ಲ. ತಾಯಿಯೊಬ್ಬಳು ಹಿತ್ತಲಲ್ಲಿ ನಿಂತು ಮಗನ ಹೆಸರು ಹಿಡಿದು ಕರೆಯುತ್ತಾಳೆ, ಮಗ ಅವಳ ಪಕ್ಕದಲ್ಲೇ ನಿಂತಿದ್ದಾನೆ. ಅಂಥ ಕಡೆ ನಿಲ್ಲುತ್ತಿತ್ತು. ದಿನವೂ ನೋಡುವ ವಸ್ತು ಒಂದು ಬೆರಳಿನಷ್ಟು ಜರುಗಿದ್ದರೆ ಸಾಕು.

ಈಗಿನ ಚಿತ್ರಗಳನ್ನು ಮೊಮ್ಮಗಳ ಫೋನಿನಲ್ಲಿ ನೋಡಿದ್ದೇನೆ. ಒಳ್ಳೆಯವುಗಳಲ್ಲಿ ದೆವ್ವ ಕಡಿಮೆ. ಮನೆಯೊಳಗೆ ಯಾವುದೋ ತಪ್ಪು ನಡೆದಿರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ, ಎಲ್ಲರೂ ಊಟಕ್ಕೆ ಕೂತಿರುತ್ತಾರೆ. ನನಗೆ ಧ್ವನಿ ಕೇಳದಿದ್ದರೂ ಭಯವಾಗುತ್ತದೆ. ನಿನ್ನ ಸಿನಿಮಾವನ್ನೂ ಧ್ವನಿ ತೆಗೆದು ಒಮ್ಮೆ ನೋಡು. ಉಳಿದದ್ದಷ್ಟೇ ನಿನ್ನ ಭಯ.

ಆ ಸಂಜೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ರೀಲು ತಡವಾಯಿತು. ಸುದ್ದಿ ತಿಳಿದದ್ದು ಆಟ ಮುಗಿದ ಮೇಲೆ. ಆಗಲೇ ನಿನ್ನ ತಾಯಿಗೂ ಹೀಗೆಯೇ ಹೇಳಿದ್ದೆ. ಅವರಿಗೆ ನನ್ನ ಸಲಾಮ್ ತಿಳಿಸು.

ಇಂತಿ
ಮಕ್ಬೂಲ


ಬೀದರ
28 ಜುಲೈ 2024

ಮಕ್ಬೂಲ ಕಾಕಾ,

ಧ್ವನಿ ತೆಗೆದು ನೋಡಿದೆ. ಉಳಿದದ್ದು ಹನ್ನೊಂದು ಸೆಕೆಂಡು. ಕಮಠಾಣದಲ್ಲಿ ತೆಗೆದ ಒಂದು ಶಾಟ್: ಹೆಂಡತಿ ಗಂಡನ ಊಟಕ್ಕೆಂದು ತಾಟು ಹಾಕಿ, ಬಾಗಿಲು ನೋಡಿ, ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚುತ್ತಾಳೆ. ಬಾಕಿ ಎಲ್ಲ ಬಸ್ಸಿನ ಹಾರ್ನು. ತೆಗೆದುಹಾಕಿದೆ.

ಆದರೆ ಅಪ್ಪ ಮೆಟ್ಟಿಲು ಹತ್ತುವುದು ಹಾಗೇ ಇದೆ. ಓಂಪ್ರಕಾಶ ಕೇಳಿದರು: "ಮೇಡಂ, ನಿಮ್ಮಪ್ಪ ಯಾರ್ ಮ್ಯಾಲ ಸಿಟ್ಟ್ ಮಾಡ್ಕೊಂಡ್ ಬರ್ತಾರ್ರಿ? ಸುಮ್‌ಸುಮ್ಕ ಬಂದ್ರ ಅದು ದೆವ್ವಲ್ಲ, ಪೋಸ್ಟ್‌ಮ್ಯಾನ್." ನನಗೆ ಸಿಟ್ಟು ಬಂತು.

ಉತ್ತರ ಹುಡುಕಲು ಅವ್ವನ ಟ್ರಂಕಿನಲ್ಲಿದ್ದ ಪೊಲೀಸ್ ಕಾಗದ ತೆಗೆದೆ. ಅಪಘಾತ ಸಂಜೆ 6.10ಕ್ಕೆ, ಹಲಬರ್ಗಾದ ಹತ್ತಿರ. ದಾರಿಹೋಕರು ಜೀಪಿನಲ್ಲಿ ಭಾಲ್ಕಿ ದವಾಖಾನೆಗೆ ತಂದದ್ದು 7.10ಕ್ಕೆ. ತೀರಿಕೊಂಡದ್ದು 8.20ಕ್ಕೆ. ಸ್ಥಳದಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿ ಇದೆ: ಮೋಟರ್ ಸೈಕಲ್, ಒಂದು ಚಪ್ಪಲಿ, ಟವೆಲ್, ಊಟದ ಡಬ್ಬಿ. ರೀಲಿನ ಡಬ್ಬಿಗಳು ಪಟ್ಟಿಯಲ್ಲಿ ಇಲ್ಲ.

ಭಾಲ್ಕಿಯಲ್ಲಿ ಅವ್ವನ ಪಕ್ಕದ ಮನೆಯ ಬಸವೇಶ್ವರಿ ಅತ್ತಿ ಆ ದಿನ ಅದೇ ಆಟಕ್ಕೆ ಹೋಗಿದ್ದರಂತೆ. ಮೊನ್ನೆ ಭಾಲ್ಕಿಗೆ ಹೋದಾಗ ಕೇಳಿದೆ. "ಇಂಟ್ರೋಲ್ ಆದ್ ಮ್ಯಾಲ ಸತ್ತ್ ಸೊಸಿ ಮತ್ತ ಅಡಿಗಿಮನ್ಯಾಗ ಕುಂತು ರೊಟ್ಟಿ ಬಡೀಲತ್ತಿದ್ಳವ್ವಾ. ಅಂಥಾ ಅಂಜಿಕಿ ನಾ ಎಂದೂ ಅಂಜಿಲ್ಲ. ಮಕ್ಳನ್ ಕಟ್ಕೊಂಡು ಎದ್ದೇ ಬಿಟ್ಟಿದ್ದೆ. ಆಮ್ಯಾಲ ಖರೇ ರೀಲ್ ಬಂತಂದ್ರು. ಕುಂತು ಕಡಿತನಕ ನೋಡೇ ಬಂದೆ" ಎಂದರು.

ಕಡೆತನಕ ನೋಡಿದ್ದಾರೆ, ಕಾಕಾ. ಅಂದರೆ ಡಬ್ಬಿಗಳು ಟಾಕೀಸಿಗೆ ಬಂದಿದ್ದವು. ಅಪ್ಪ ದವಾಖಾನೆಯಲ್ಲಿದ್ದ. ಡಬ್ಬಿಗಳನ್ನು ತಂದವರು ಯಾರು? ಎಷ್ಟು ಗಂಟೆಗೆ? ತಂದವರು ಏನೂ ಹೇಳಲಿಲ್ಲವೇ?

ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಹೊತ್ತುಗಳು ಕೂಡುತ್ತಿಲ್ಲ, ಅಷ್ಟೇ.

ಆಮ್ರಪಾಲಿ


ಔರಾದ
19 ಸೆಪ್ಟೆಂಬರ್ 2024

ಬೇಟಿ ಆಮ್ರಪಾಲಿ,

ಐವತ್ತು ದಿನ ತಡ ಮಾಡಿದೆ. ಹುಷಾರಿರಲಿಲ್ಲ ಎಂದು ಬರೆಯಬಹುದಿತ್ತು. ಹುಷಾರಾಗಿಯೇ ಇದ್ದೆ. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮುಂಚೆ ಕಳಿಸಬೇಕು.

ಆಗ ಸಿನಿಮಾದ ಒಂದೇ ಪ್ರಿಂಟನ್ನು ಎರಡು ಊರು ಹಂಚಿಕೊಳ್ಳುತ್ತಿದ್ದವು. ಬೀದರಿನಲ್ಲಿ ಮ್ಯಾಟಿನಿ, ಭಾಲ್ಕಿಯಲ್ಲಿ ಸಂಜೆ 5.15ರ ಆಟ. ಮೊದಲರ್ಧದ ಡಬ್ಬಿಗಳು ಬಸ್ಸಿನಲ್ಲಿ ಬರುತ್ತಿದ್ದವು. ಎರಡನೆಯ ಅರ್ಧ ಬೀದರಿನಲ್ಲಿ ಮುಗಿಯುವುದೇ ಐದೂ ಕಾಲಿಗೆ, ಅದಕ್ಕೆ ಬಸ್ಸು ಸಿಗುತ್ತಿರಲಿಲ್ಲ. ಅದನ್ನು ಉತ್ತಮ ತರುತ್ತಿದ್ದ. ನಮ್ಮಲ್ಲಿ ಇಂಟರ್ವಲ್ 6.25ಕ್ಕೆ. ಆರು ವರ್ಷದಲ್ಲಿ ಅವನು ತಪ್ಪಿದ್ದು ಎರಡೇ ಸಲ, ಅದೂ ಪಂಕ್ಚರ್ ಆಗಿ.

ಆ ದಿನ 6.50 ಆದರೂ ಬರಲಿಲ್ಲ. ಭಾನುವಾರ, ಹಾಲ್ ತುಂಬಿತ್ತು. ಕುರ್ಚಿ ಬಡಿಯಲು ಶುರು ಮಾಡಿದರು. ಮಾಲೀಕರು ಕೆಳಗಿನಿಂದ ಕೂಗಿದರು, "ಮಕ್ಬೂಲ್, ಏನರೆ ಹಾಕೋ!" ನನ್ನ ಕೈಗೆ ಸಿಕ್ಕಿದ್ದು ಮೊದಲರ್ಧದ ಮೂರನೆಯ ರೀಲು. ಸೊಸೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ, ಅತ್ತೆ ನೀರು ಕೇಳುತ್ತಾಳೆ. ಜನ ಒಂದು ಗಂಟೆ ಮುಂಚೆ ನೋಡಿದ್ದೇ. ಆಗ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಆದರೆ ಇಂಟರ್ವಲ್‌ಗೆ ಮುಂಚೆ ಸಿನಿಮಾದಲ್ಲಿ ಅವಳು ಸತ್ತು, ಮನೆಯವರು ಸುಟ್ಟು ಬಂದಿದ್ದರು. ಈಗ ಅವಳು ಮತ್ತೆ ರೊಟ್ಟಿ ಬಡಿಯುತ್ತಿದ್ದಾಳೆ. ಅತ್ತೆ ಅವಳ ಕೈಯಿಂದ ನೀರು ತೆಗೆದುಕೊಂಡು ಕುಡಿಯುತ್ತಾಳೆ.

ಶೇಂಗಾ ನಿಂತಿತು. ಇಪ್ಪತ್ತೈದು ವರ್ಷದಲ್ಲಿ ಅಂಥ ನಿಶ್ಶಬ್ದ ಕೇಳಿರಲಿಲ್ಲ. ನಾನು ಕಿಂಡಿಗೆ ಹಣೆ ಹಚ್ಚಿ ನೋಡಿದೆ. ನನಗೆ ಖುಷಿಯಾಯಿತು. ಸಿನಿಮಾ ಮಾಡಿದವನಿಗೆ ಆಗದ್ದು ನನ್ನಿಂದ ಆಯಿತು ಎನ್ನಿಸಿತು. ಉತ್ತಮ ಬಂದ ಕೂಡಲೇ ಅವನಿಗೆ ಹೇಳಬೇಕು ಎಂದುಕೊಂಡೆ. ಆಗ ಅವನನ್ನು ಜೀಪಿನಿಂದ ಇಳಿಸುತ್ತಿದ್ದರೋ, ಇನ್ನೂ ದಾರಿಯಲ್ಲಿದ್ದನೋ, ನೀನು ಬರೆದ ಹೊತ್ತುಗಳನ್ನು ನೋಡಿ ಲೆಕ್ಕ ಹಾಕುತ್ತಿದ್ದೇನೆ.

7.25ಕ್ಕೆ ಟೆಂಪೋ ಓಡಿಸುವವನೊಬ್ಬ ಡಬ್ಬಿಗಳನ್ನು ತಂದು ಕ್ಯಾಬಿನ್ನಿನ ಬಾಗಿಲಲ್ಲಿ ಇಟ್ಟ. "ಹಲಬರ್ಗಾದ ತಾವ ರೋಡಿನ್ಯಾಗ ಬಿದ್ದಿದ್ದುವ್ರಿ. ಮ್ಯಾಲ ನಿಮ್ಮ ಟಾಕೀಸಿನ ಹೆಸರಿತ್ತು" ಎಂದ.

"ತರಾಂವ?" ಎಂದು ಕೇಳಿದೆ.

"ಜೀಪಿನ್ಯಾಗ ದವಾಖಾನಿಗಿ ಒಯ್ದಾರ್ರಿ. ಭಾಳ ಪೆಟ್ಟಾಗ್ಯದ. ಮಾತಾಡ್ಲತ್ತಿದ್ದ."

ಮಾಲೀಕರು ಮೇಲೆ ಬಂದರು. ಡಬ್ಬಿ ತೆಗೆದು ರೀಲಿಗೆ ಏನೂ ಆಗಿಲ್ಲವೆಂದು ನೋಡಿದರು. ಅವರು ನನಗೆ ಹೋಗಬೇಡ ಎನ್ನಲಿಲ್ಲ. ಕೆಲಸ ಬಿಡಿಸುತ್ತೇನೆ ಎನ್ನಲಿಲ್ಲ. ಇಪ್ಪತ್ತೊಂದು ವರ್ಷ ನಾನು ಅವರು ಹಾಗೆ ಹೆದರಿಸಿದ್ದನ್ನು ನೆನಪಿಸಿಕೊಳ್ಳಲು ಪ್ರಯತ್ನಪಟ್ಟಿದ್ದೇನೆ. ಹೆದರಿಸಿರಲಿಲ್ಲ.

ದವಾಖಾನೆಗೆ ನಡೆದು ಹೋದರೆ ಹತ್ತು ನಿಮಿಷ. ನಾನು ರೀಲು ಏರಿಸಿದೆ. ಜನ ಕಾಯುತ್ತಿದ್ದರು, ಹಾಲ್ ತುಂಬಿತ್ತು, ರೀಲು ಬಂದಿತ್ತು. ರೀಲು ಬಂದರೆ ಏರಿಸಬೇಕು. ನನ್ನ ಕೈಗೆ ಬೇರೆ ಏನೂ ಗೊತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟು ಹೋಗಬಹುದಿತ್ತು. ಒಂದು ರೀಲು ಮುಗಿದಾಗ ಹೋಗೋಣ ಎಂದುಕೊಂಡೆ, ಇನ್ನೊಂದು ಏರಿಸಿದೆ. 8.45ಕ್ಕೆ ಮುಗಿಯಿತು. ದೀಪ ಆರಿಸಿ ಹೋದೆ. ಆಗ ಅವನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ನಿನ್ನ ತಾಯಿಗೆ ಆಟ ಮುಗಿದ ಮೇಲೆ ಗೊತ್ತಾಯಿತು ಎಂದೆ. ಮೂರು ತಿಂಗಳು ಅದೇ ಕ್ಯಾಬಿನ್ನಿನಲ್ಲಿ ಕೂತು, ಆಮೇಲೆ ಊರು ಬಿಟ್ಟೆ.

ಓಂಪ್ರಕಾಶನ ಪ್ರಶ್ನೆಗೆ ಇದು ಉತ್ತರ. ಸಿನಿಮಾದಲ್ಲಿ ನನ್ನ ಹೆಸರು ಹಾಕಬೇಕೆಂದರೆ ಹಾಕು.

ಮಕ್ಬೂಲ


ಬೀದರ
30 ಸೆಪ್ಟೆಂಬರ್ 2024

ಪತ್ರ ಬಂದಿದೆ. ಅವ್ವನಿಗೆ ಓದಲು ಕೊಟ್ಟಿದ್ದೇನೆ.

ಟಾಕೀಸಿನ ಶೂಟಿಂಗ್ ಅಕ್ಟೋಬರ್ 20ರೊಳಗೆ ಮುಗಿಯಬೇಕು. ಬೇರೆ ಬರೆಯಲು ಈಗ ನನಗಾಗುವುದಿಲ್ಲ.

ಆಮ್ರಪಾಲಿ


ಭಾಲ್ಕಿ
10 ನವೆಂಬರ್ 2024

ಮಕ್ಬೂಲ ಭಾಯ್ ಅವರಿಗೆ ಆಮ್ರಪಾಲಿಯ ತಾಯಿ ವಿಶಾಖಾ ಮಾಡುವ ಜೈ ಭೀಮ್.

ನನಗೆ ಪತ್ರ ಬರೆದು ರೂಢಿಯಿಲ್ಲ. ಮೂವತ್ತೆರಡು ವರ್ಷ ಆರೋಗ್ಯ ಇಲಾಖೆಯಲ್ಲಿ ವರದಿ ಬರೆದ ಕೈ ಇದು. ಹಾಗೆಯೇ ಬರೆಯುತ್ತೇನೆ.

ಆ ದಿನ ನಾನು ಖಟಕ ಚಿಂಚೋಳಿಯಲ್ಲಿ ಡ್ಯೂಟಿಯಲ್ಲಿದ್ದೆ. ಒಂದು ಹೆರಿಗೆ ಇತ್ತು. ನನಗೆ ಸುದ್ದಿ ಮುಟ್ಟಿ ಬಸ್ಸು ಹಿಡಿದು ಭಾಲ್ಕಿಗೆ ಬಂದಾಗ ಒಂಬತ್ತೂ ಕಾಲು. ನೀವು 7.25ಕ್ಕೆ ಹೊರಟಿದ್ದರೂ ಅವರು ಬದುಕುತ್ತಿರಲಿಲ್ಲ. ತಲೆಯೊಳಗೆ ರಕ್ತ ಸೋರಿತ್ತು. ಇದು ನನಗೆ ಗೊತ್ತು, ನಿಮಗೂ ತಿಳಿದಿರಲಿ.

ಆದರೆ ಅವರು ಎಂಟು ಗಂಟೆಯವರೆಗೂ ಮಾತಾಡುತ್ತಿದ್ದರಂತೆ. ನನ್ನ ಜೊತೆ ತರಬೇತಿ ಪಡೆದ ಇರಮ ಎಂಬ ಸಿಸ್ಟರ್ ಆ ದಿನ ವಾರ್ಡಿನಲ್ಲಿದ್ದಳು. "ಏನೋ ಹೇಳ್ತಿದ್ರು ವಿಶಾಖಾ, ಒಂದೇ ಮಾತು ಮೊದ್ಲಿಂದ ಮತ್ತ ಮತ್ತ. ಮತ್ತೊಂದ್ ಕೇಸ್ ಬಂತು, ನಾ ಆ ಕಡಿ ಹೋದೆ" ಎಂದಳು. ಅವಳ ತಪ್ಪಲ್ಲ, ಅವಳ ಕೈಯಲ್ಲಿ ಇಪ್ಪತ್ತು ಹಾಸಿಗೆ ಇದ್ದವು. ಆ ಮಾತು ಏನೆಂದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನೀವು ಬಂದಿದ್ದರೆ ಅದೊಂದು ನನಗೆ ಸಿಗುತ್ತಿತ್ತು.

ಆಮ್ರಪಾಲಿಗೆ ನಿಮ್ಮ ಮೇಲೆ ಸಿಟ್ಟಿದೆ. "ಅವ್ವ, ನೀ ಯಾಕ ಬೈಯಂಗಿಲ್ಲ?" ಎಂದು ನನ್ನ ಮೇಲೂ ಇದೆ. ಸಿಟ್ಟು ಮಾಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ, ಭಾಯ್. ಅವಳಿಗೆ ಒಂದೇ ಮಾತು ಹೇಳಿದೆ: "ನಿಮ್ಮಪ್ಪನ್ನ ದೆವ್ವ ಮಾಡ್ಬ್ಯಾಡ. ಅಂವ ಯಾರನ್ನೂ ಅಂಜಿಸ್ದಾಂವಲ್ಲ." ಅವಳು ಮೆಟ್ಟಿಲಿನ ದೃಶ್ಯ ತೆಗೆದುಹಾಕಿದ್ದಾಳೆ. ಈಗ ಸಿನಿಮಾದಲ್ಲಿ ಅವರು ಎಲ್ಲೂ ಕಾಣುವುದಿಲ್ಲ. ನಿಮ್ಮ ಹೆಸರನ್ನೂ ಹಾಕಿಲ್ಲ. ಹಾಕು ಎಂದು ನಾನೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಡಿಸೆಂಬರ್ 15ಕ್ಕೆ, ಭಾನುವಾರ ಸಂಜೆ, ಭಾಲ್ಕಿಯ ಮದುವೆ ಹಾಲಿನಲ್ಲಿ ಪರದೆ ಕಟ್ಟಿ ತೋರಿಸುತ್ತಾರೆ. ನೀವು ಬರಬೇಕು. ಮಷಿನ್ ಹತ್ತಿರ ಹೋಗಿ ನಿಲ್ಲಬಾರದು. ಜನರ ನಡುವೆ ಕುರ್ಚಿಯಲ್ಲಿ ಕೂಡಬೇಕು. ನಾನು ನಿಮ್ಮಿಂದ ಕೇಳುವುದು ಇಷ್ಟೇ.

ವಿಶಾಖಾ


ಔರಾದ
18 ಡಿಸೆಂಬರ್ 2024

ಬೇಟಿ ಆಮ್ರಪಾಲಿ,

ಭಾನುವಾರ ನಿನ್ನ ಜೊತೆ ಮಾತಾಡಲು ಆಗಲಿಲ್ಲ. ನೀನು ಬಾಗಿಲ ಹತ್ತಿರ ನಿಂತಿದ್ದೆ, ನಾನು ನೋಡಿದೆ, ನೀನೂ ನೋಡಿದೆ. ನಿನ್ನ ಚಾಚಿ, "ಹೋಗಿ ಮಾತಾಡ್ರಿ, ಅಕಿ ಏನ್ ತಿಂತಾಳ?" ಎಂದು ನನ್ನ ಬೆನ್ನು ತಿವಿದಳು. ನಾನು ಬಸ್ಸಿನ ಹೊತ್ತಾಯಿತೆಂದು ಹೊರಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ನೀನು ಮೊದಲು ಕೇಳಿದ ಪ್ರಶ್ನೆಗೆ ಜುಲೈಯಲ್ಲಿ ಬರೆದ ಉತ್ತರ ಅರ್ಧ ಮಾತ್ರ. ಈಗ ಉಳಿದದ್ದನ್ನು ಬರೆಯುತ್ತೇನೆ. ನಿನ್ನ ಸಿನಿಮಾ ನೋಡಿಯೇ ಅದು ನನಗೆ ತಿಳಿದದ್ದು.

ಹಾಲಿನಲ್ಲಿ ಸುಮಾರು ಇನ್ನೂರೈವತ್ತು ಜನ ಇದ್ದರು. ನಾನು ಏಳನೆಯ ಸಾಲಿನಲ್ಲಿ ಕೂತೆ. ನಿನ್ನ ತಾಯಿ ಬಂದು ಅದೇ ಸಾಲಿನಲ್ಲಿ ಮೂರು ಕುರ್ಚಿ ಬಿಟ್ಟು ಕೂತರು. ಇಷ್ಟು ವರ್ಷ ಸಿನಿಮಾ ಓಡಿಸಿದೆ. ಹೀಗೆ ಜನರ ಮಧ್ಯೆ, ಮುಂದೆ ತಲೆ ಹಿಂದೆ ಮೊಣಕಾಲು ಇಟ್ಟುಕೊಂಡು ಕೂತು ನೋಡಿದ್ದು ನೆನಪಿಲ್ಲ.

ನೀನು ಜನರನ್ನು ಕಾಯಿಸಿದೆ. ಇಂಟರ್ವಲ್ ಆದ ಟಾಕೀಸು, ಬಿಳಿ ಪರದೆ, ಕುರ್ಚಿ ಬಡಿಯುವವರು, ಗಡಿಯಾರ. ಮತ್ತೆ ಮತ್ತೆ ಖಾಲಿ ರಸ್ತೆ. ಎಷ್ಟು ಹೊತ್ತು ಕಾಯಿಸಿದೆ ಎಂದರೆ ನನ್ನ ಪಕ್ಕದ ಯುವಕ ಎರಡು ಸಲ ಫೋನ್ ತೆಗೆದು ಒಳಗಿಟ್ಟ. ಮುಂದಿನವನು ಹಿಂತಿರುಗಿ ಏನೋ ಅಂದ. ತುಟಿ ನೋಡಿ ತಿಳಿಯಿತು: "ಯಾವಾಗ ಬರ್ತದ್ರೀ ಇದು?" ನಾನೂ ಕಾಲು ಅಲುಗಾಡಿಸಲು ಶುರು ಮಾಡಿದೆ. ಏನಾಗಲಿದೆ ಎಂದು ಆ ಹಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು ನಾನು. ಆದರೂ ಬೇಗ ಬರಲಿ ಎನ್ನಿಸುತ್ತಿತ್ತು.

ಆಮೇಲೆ ಬಾಗಿಲಲ್ಲಿ ಡಬ್ಬಿಗಳು ಕಂಡವು. ತಂದವನ ಮುಖ ನೀನು ತೋರಿಸಲಿಲ್ಲ. ಎರಡು ಕೈ, ಡಬ್ಬಿಗಳು, ಒಂದರ ಮುಚ್ಚಳ ನೆಗ್ಗಿದೆ.

ಹಾಲಿನಲ್ಲಿ ಚಪ್ಪಾಳೆ ಬಿತ್ತು.

ನನಗೆ ಸದ್ದು ಕೇಳಲಿಲ್ಲ, ಕೈಗಳು ಕಂಡವು. ನನ್ನ ಮುಂದಿನ ಆರು ಸಾಲುಗಳಲ್ಲೂ ಕೈಗಳು ಎದ್ದವು. ಅವರ ತಪ್ಪಲ್ಲ. ಬಹಳ ಹೊತ್ತು ಕಾದಿದ್ದರು, ಕಾದದ್ದು ಬಂತು. 2003ರಲ್ಲಿ ನಾನು ಎರಡನೆಯ ಅರ್ಧ ಶುರು ಮಾಡಿದಾಗಲೂ ಜನ ಚಪ್ಪಾಳೆ ತಟ್ಟಿದ್ದರು. ಅದನ್ನು ನಾನು ನಿನಗೆ ಬರೆದಿರಲಿಲ್ಲ. ಬರೆಯಲು ಆಗಿರಲಿಲ್ಲ. ನೀನು ಅದನ್ನು ಸಿನಿಮಾದಲ್ಲಿ ಹಾಕಿಯೂ ಇಲ್ಲ. ಜನ ತಾವಾಗಿಯೇ ತಟ್ಟಿದರು.

ನಂತರ ಆಪರೇಟರ್, ತಂದವನಿಂದ ದವಾಖಾನೆಯ ಸುದ್ದಿ ಕೇಳಿಯೂ, ಡಬ್ಬಿ ತೆರೆದು ರೀಲು ಏರಿಸಲು ಶುರು ಮಾಡಿದ. ಅವಸರವಿಲ್ಲದೆ, ಅಚ್ಚುಕಟ್ಟಾಗಿ. ನೀನು ಅವನ ಮುಖವನ್ನೇ ತೋರಿಸುತ್ತಾ ಉಳಿದೆ. ಮುಂದಿನ ಸಾಲುಗಳಲ್ಲಿ ಕೈಗಳು ಒಂದೊಂದಾಗಿ ಕೆಳಗಿಳಿದವು. ತಾವು ಯಾವುದಕ್ಕೆ ತಟ್ಟಿದೆವು ಎಂದು ಒಬ್ಬೊಬ್ಬರಿಗೇ ತಿಳಿಯುತ್ತಾ ಹೋಯಿತು. ಪಕ್ಕದ ಯುವಕ ಅಂಗೈಗಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತ. ಯಾರೂ ನಗಲಿಲ್ಲ, ಯಾರೂ ಪಕ್ಕದವರನ್ನು ನೋಡಲಿಲ್ಲ. ಭಯ ಎಂದರೆ ಇದೇ ಇರಬೇಕು, ಬೇಟಿ. ಪರದೆಯ ಮೇಲೆ ಹೆದರಿಸುವವರು ಯಾರೂ ಇರಲಿಲ್ಲ.

ನಾನು ನಿನ್ನ ತಾಯಿಯ ಕಡೆ ನೋಡಿದೆ. ಅವರು ಪರದೆ ನೋಡುತ್ತಿರಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದರು.

ನಾನೂ ಕೆಳಗೆ ನೋಡಿದೆ. ಎದೆಯ ಮುಂದೆ ನನ್ನ ಎರಡು ಅಂಗೈಗಳು ಒಂದಕ್ಕೊಂದು ತಾಗಿದ್ದವು. ನಾನೂ ತಟ್ಟಿದ್ದೆ.

ಮಕ್ಬೂಲ